ಸೆಲ್ಫ್ ಮೋಟಾರಿನ ಎಣ್ಣೆಸ್ನಾನ

ಕಾಟಪ್ಪ ಕಾಲಡಿಯ ಗುಂಡಿಯನ್ನು ಒತ್ತಿದ. ಏನೂ ಆಗಲಿಲ್ಲ. ಮತ್ತೊಮ್ಮೆ, ಈ ಸಲ ಹಿಮ್ಮಡಿ ಊರಿ ಬಲವಾಗಿ ಒತ್ತಿದ. ಊಹೂಂ! ಕಾರು ಕೆಮ್ಮಲಿಲ್ಲ, ನರಳಲಿಲ್ಲ, ಮೈ ಕೂಡ ಅಲ್ಲಾಡಿಸಲಿಲ್ಲ. ಹಾಡಹಗಲಲ್ಲಿ, ಮೊಳಕಾಲ್ಮೂರಿನ ನೇಕಾರರ ಬೀದಿಯ ನಟ್ಟನಡುವೆ, ಕಾರು ನೋಡಲೆಂದೇ ಮಗ್ಗ ಬಿಟ್ಟು ಬಂದ ಜನ ಸುತ್ತ ನಿಂತಿರುವಾಗ ಹೀಗೆ ಕೈಕೊಡಬೇಕೇ ಈ ಹಾಳು ಕಾರು!

ಇದು ಸಾವಿರದ ಒಂಬೈನೂರ ಇಪ್ಪತ್ತಾರನೆಯ ಇಸವಿಯ ಮಾತು. ಆಗ ಚಳ್ಳಕೆರೆ ಸೀಮೆಯಲ್ಲಿ ಕಾರು ಇಟ್ಟವರನ್ನು ಎಣಿಸಲು ಒಂದು ಕೈಯ ಬೆರಳು ಸಾಕಾಗಿ ಇನ್ನೂ ಎರಡು ಉಳಿಯುತ್ತಿದ್ದವು. ಆ ಪೈಕಿ ಒಬ್ಬರು ಚಳ್ಳಕೆರೆಯ ಗಾಣದ ಸಾಹುಕಾರ ಜಂಬುಲಿಂಗಪ್ಪನವರು. ಅವರ ಡ್ರೈವರ್ ಕಾಟಪ್ಪ. ಈಗ ಸಾಹುಕಾರರೂ ಅವರ ಹೆಂಡತಿ ಬಸವಲಿಂಗಮ್ಮನವರೂ ನೇಕಾರರ ಯರ್ರಮ್ಮನ ಮನೆಯೊಳಗೆ ಮಗಳ ಮದುವೆ ಸೀರೆ ನೋಡುತ್ತ ಕೂತಿದ್ದರು. ಬೆಳಿಗ್ಗೆ ಚಳ್ಳಕೆರೆಯಲ್ಲಿ ಕಾರು ಎರಡು ಸಲ ನರಳಿ, ಮೂರನೆಯದಕ್ಕೆ ಹೇಗೋ ಎದ್ದಿತ್ತು. ಆ ಅನುಮಾನಕ್ಕೇ ಕಾಟಪ್ಪ ಅವರು ಹೊರಗೆ ಬರುವ ಮುಂಚೆ ಒಂದು ಸಲ ಒತ್ತಿ ನೋಡಿದ್ದು.

ಗುಂಡಿ ಒತ್ತಿದರೆ ತಿರುಗುವ ಸೆಲ್ಫ್ ಮೋಟಾರು ಕೆಲಸ ಮಾಡದಿದ್ದರೆ ಏನು ಮುಳುಗಿತು, ಮುಂದೆ ಹೋಗಿ ಹ್ಯಾಂಡಲ್ ಹೊಡೆದು ಎಂಜಿನ್ನು ಎಬ್ಬಿಸಿದರಾಯಿತಲ್ಲ ಎಂದು ನೀವು ಕೇಳಬಹುದು. ಕಾಟಪ್ಪನ ಸಂಕಟ ಇದ್ದದ್ದೇ ಅಲ್ಲಿ. ಹ್ಯಾಂಡಲ್ ಹೊಡೆಯುವ ಶಕ್ತಿ ಅವನ ಬಲಗೈಗೆ ಇರಲಿಲ್ಲ. ಇಲ್ಲ ಎನ್ನುವುದು ಸಾಹುಕಾರರಿಗೆ ಗೊತ್ತಾಗಬಾರದಿತ್ತು.

ಎರಡು ವರ್ಷದ ಕೆಳಗೆ ಸಾಹುಕಾರರ ಬಳಿ ಮೊದಲಿನ ಕಾರು ಇತ್ತು. ಅದಕ್ಕೆ ಸೆಲ್ಫೂ ಇಲ್ಲ, ಗಿಲ್ಫೂ ಇಲ್ಲ. ಪ್ರತಿಸಲವೂ ಹ್ಯಾಂಡಲ್ ಹೊಡೆದೇ ಎಬ್ಬಿಸಬೇಕು. ಹೊಡೆಯುವ ಮುಂಚೆ ಸ್ಟೀರಿಂಗಿನ ಕೆಳಗಿದ್ದ ಒಂದು ಸಣ್ಣ ಕಡ್ಡಿಯನ್ನು ಮೇಲಕ್ಕೆ ತಳ್ಳಬೇಕು; ಎಂಜಿನ್ನು ಎದ್ದ ಮೇಲೆ ಕೆಳಕ್ಕೆ ಎಳೆಯಬೇಕು. ತಳ್ಳದೆ ಹೊಡೆದರೆ ಎಂಜಿನ್ನು ಹಿಂದಕ್ಕೆ ಒದೆಯುತ್ತದೆ. ಕಾಟಪ್ಪ ಅದನ್ನು ಒಂದು ದಿನವೂ ಮರೆತವನಲ್ಲ. ಆದರೆ ಒಂದು ಬೆಳಿಗ್ಗೆ, ಸಾಹುಕಾರರು ಮುಂದಿನ ಸೀಟಿನಲ್ಲಿ ಕೂತು ಹೊರಡುವ ಆತುರದಲ್ಲಿದ್ದಾಗ, ಹ್ಯಾಂಡಲ್ ಹಿಂದಕ್ಕೆ ಹಾರಿ ಮುಂಗೈ ಮುರಿಯಿತು. ನೋಡಿದರೆ ಕಡ್ಡಿ ಕೆಳಗೇ ಇತ್ತು. ಅಯ್ಯೋ, ಎಂಥ ಕೆಲಸ ಮಾಡಿಕೊಂಡೆ, ಮರೆತುಬಿಟ್ಟೆನಲ್ಲ ಎಂದು ಅವನು ನೋವಿಗಿಂತ ಹೆಚ್ಚಾಗಿ ನಾಚಿಕೆಯಿಂದ ಕುಗ್ಗಿಹೋದ. ಆವತ್ತಿನಿಂದ ಸಾಹುಕಾರರು ಮುಂದಿನ ಸೀಟಿಗೆ ಬಂದದ್ದಿಲ್ಲ. ಹಿಂದೆ ಕೂರುತ್ತಿದ್ದರು. ತನ್ನ ಮೇಲಿನ ನಂಬಿಕೆ ಹೋಯಿತು, ಅದಕ್ಕೇ ಎಂದು ಕಾಟಪ್ಪ ಲೆಕ್ಕ ಹಾಕಿಕೊಂಡಿದ್ದ.

ಮೂಳೆ ಕಟ್ಟುವವನು ಬಿದಿರ ದಬ್ಬೆ ಇಟ್ಟು ಕಟ್ಟಿದ. ಮೂಳೆ ಕೂಡಿತು, ಸೊಟ್ಟಗೆ ಕೂಡಿತು. ಉಣ್ಣಲು, ಸ್ಟೀರಿಂಗ್ ಹಿಡಿಯಲು ತೊಂದರೆಯಿಲ್ಲ; ತಿರುಚುವ ಕೆಲಸ ಮಾತ್ರ ಆಗುತ್ತಿರಲಿಲ್ಲ. ಒದ್ದೆ ಪಂಚೆ ಹಿಂಡಲೂ ಆಗದು. ಅದನ್ನು ಹಿಂಡಿಕೊಡುತ್ತಿದ್ದ ಹೆಂಡತಿ ಸೂರಮ್ಮನೊಬ್ಬಳಿಗೇ ಈ ಗುಟ್ಟು ಗೊತ್ತು ಎಂದುಕೊಂಡಿದ್ದ. ಅವನ ಪುಣ್ಯಕ್ಕೆ ದಬ್ಬೆ ಬಿಚ್ಚಿದ ತಿಂಗಳಲ್ಲೇ ಸಾಹುಕಾರರು ಹಳೆಯದನ್ನು ಮಾರಿ ಬಳ್ಳಾರಿಯಿಂದ ಈ ಹಸಿರು ಕಾರು ತಂದರು. ಇದಕ್ಕೆ ಸೆಲ್ಫ್ ಮೋಟಾರು ಇತ್ತು. ಕಾಲಲ್ಲಿ ಒತ್ತಿದರೆ ಎಂಜಿನ್ನು ತಾನೇ ಎದ್ದು ಕೂರುತ್ತದೆ. ಮೊದಲ ಸಲ ಒತ್ತಿ ನೋಡಿದ ದಿನ ಕಾಟಪ್ಪ ಕಾರಿನ ಬಾಗಿಲಿಗೆ ಹಣೆ ಹಚ್ಚಿದ್ದ.

ಜಂಬುಲಿಂಗಪ್ಪನವರು ಕೆಟ್ಟವರೇನಲ್ಲ. ಕೈಲಾಗದವರನ್ನು ಅವರು ಬೀದಿಗೆ ಹಾಕುತ್ತಿರಲಿಲ್ಲ, ಗಾಣಕ್ಕೆ ಹಾಕುತ್ತಿದ್ದರು. ಕಣ್ಣು ಮಂಜಾದ ಗಾಡಿಯ ಯತ್ತಪ್ಪ ಈಗ ಗಾಣದ ಎತ್ತಿನ ಹಿಂದೆ ಬೆಳಗಿನಿಂದ ಸಂಜೆತನಕ ಸುತ್ತುತ್ತಿದ್ದ. ಹೊಟ್ಟೆಗೆ ಕೊರತೆಯಿಲ್ಲ. ಆದರೆ ಉಳ್ಳಾರ್ತಿ ಕಾವಲಿನ ಬಯಲಲ್ಲಿ ದನದ ಹಿಂದೆ ಓಡಿ ಬೆಳೆದ, ಆಮೇಲೆ ಕಾರಿನಲ್ಲಿ ಹಿರಿಯೂರು, ದುರ್ಗ, ಬಳ್ಳಾರಿ ಕಂಡ ಕಾಟಪ್ಪನಿಗೆ ಆ ಸುತ್ತು ನೆನೆದರೇ ಉಸಿರು ಕಟ್ಟುತ್ತಿತ್ತು. ಸತ್ತರೂ ಸರಿ, ಗಾಣ ಮಾತ್ರ ಬೇಡ ಶಿವನೇ ಎನ್ನುತ್ತಿದ್ದ.

ಸಾಹುಕಾರರು ಹೊರಗೆ ಬಂದರು. ಹಿಂದೆ ಸೀರೆಯ ಗಂಟು ಎದೆಗೆ ಅವುಚಿಕೊಂಡು ಬಸವಲಿಂಗಮ್ಮ.

"ಹೊರಡಾಣೇನೋ ಕಾಟಪ್ಪ? ದೀಪ ಹಚ್ಚೋ ಹೊತ್ತಿಗೆ ಬೀಗರು ಬರ್ತಾರೆ, ಸೀರೆ ನೋಡಾಕೆ."

"ಸಾವ್ಕಾರ್ರೆ, ಸೆಲ್ಫು... ಯಾಕೋ ಮಾತಾಡವಲ್ದು."

"ತಳ್ಳಿ ಎಬ್ಬಿಸಾಣಂತೆ. ಇಷ್ಟು ಜನ ಇದಾರೆ."

ಆ ಮಾತು ಬಿದ್ದದ್ದೇ ತಡ, ಬಾಗಿಲಲ್ಲಿ ನಿಂತಿದ್ದ ಯರ್ರಮ್ಮ ಸೊಂಟಕ್ಕೆ ಕೈಯಿಟ್ಟಳು. ಎಪ್ಪತ್ತರ ಮುದುಕಿ, ಆ ಬೀದಿಯಲ್ಲಿ ಅವಳ ಮಾತಿಗೆ ಎದುರಿರಲಿಲ್ಲ. "ಏಮಯ್ಯಾ ಸಾವ್ಕಾರ್ರು! ಎತ್ತ ತಳ್ತೀರಿ? ಕಣ್ಣು ಬಿಟ್ಟು ನೋಡ್ರಿ."

ನೋಡಿದರು. ಅವರು ಒಳಗೆ ಸೀರೆ ನೋಡುತ್ತಿದ್ದಷ್ಟರಲ್ಲಿ ಬೀದಿಯುದ್ದಕ್ಕೂ ಮಗ್ಗಕ್ಕೇರಿಸುವ ರೇಷ್ಮೆ ಎಳೆಗಳ ಹಾಸು ಎಳೆದುಬಿಟ್ಟಿದ್ದರು. ಕಾರಿನ ಮೂತಿಯಿಂದ ಹತ್ತು ಮಾರು ಆಚೆಗೆ ಮೊದಲ ಗೂಟ; ಅಲ್ಲಿಂದ ಬೀದಿಯ ಕೊನೆಯವರೆಗೆ ಕತ್ತರಿಯಂತೆ ಕಟ್ಟಿ ನಿಲ್ಲಿಸಿದ ಬಿದಿರ ಗಳಗಳ ಮೇಲೆ ಸಾವಿರಾರು ಎಳೆ ಬಿಸಿಲಿಗೆ ಮಿನುಗುತ್ತಿದ್ದವು. ಎರಡೂ ಬದಿಗೆ ಹೆಂಗಸರು ಕೂತು ಕಡಿದ ಎಳೆಗಳನ್ನು ಗಂಟು ಹಾಕುತ್ತಿದ್ದರು. ಆಯುಧಪೂಜೆ ಮುಗಿದು ಮಗ್ಗಕ್ಕೆ ಹೊಸ ಹಾಸು ಏರಿಸುವ ದಿನ ಅದು.

"ಹಾಸು ಸುತ್ತೋತನಕ ಈ ಬೀದಿಯಾಗೆ ಕೋಳಿಪಿಳ್ಳೇನೂ ದಾಟಂಗಿಲ್ಲ," ಎಂದಳು ಯರ್ರಮ್ಮ. "ಇಳಿಹೊತ್ತಿಗೆ ಸುತ್ತತೀವಿ. ಅಲ್ಲೀತನಕ ಕೂತ್ಕಳ್ರಿ."

ಮುಂದೆ ಹಾಸು, ಹಿಂದೆ ಏರು. ಕಾರು ಇಳಿದು ಬಂದ ಬಂಡೆಗಲ್ಲಿನ ಏರನ್ನು ಹಿಂದುಮುಂದಾಗಿ ತಳ್ಳಿ ಹತ್ತಿಸುವುದು ಆನೆಗೂ ಆಗದ ಮಾತು. ಆಗ ಗುಂಪಿನೊಳಗಿಂದ ಯರ್ರಮ್ಮನ ಅಳಿಯ ಮಾರಣ್ಣ ತೋಳು ಮೇಲೇರಿಸಿಕೊಂಡು ಮುಂದೆ ಬಂದ. "ಮುಂದಿನ ತೂತಿಗೆ ಹ್ಯಾಂಡಲ್ ಹಾಕಿ ತಿರುವ್ತಾರಲ್ಲ, ಅದನ್ನ ನಾನು ಹೊಡೀಲಾ? ದುರ್ಗದಾಗೆ ನೋಡೀನಿ."

"ಯಾರೂ ಹ್ಯಾಂಡಲ್ ಮುಟ್ಟಬ್ಯಾಡ್ರಿ!"

ಗುಡುಗಿದವರು ಸಾಹುಕಾರರು. ಅಷ್ಟು ದೊಡ್ಡ ದನಿ ಅವರಿಗೆ ಇದೆಯೆಂದು ಬಸವಲಿಂಗಮ್ಮನವರಿಗೇ ಗೊತ್ತಿರಲಿಲ್ಲವೇನೋ, ಅವರು ಬೆಚ್ಚಿ ಗಂಡನ ಮುಖ ನೋಡಿದರು. ಮಾರಣ್ಣ ಹಿಂದೆ ಸರಿದ. ಕಾಟಪ್ಪ ಲೆಕ್ಕ ಹಾಕಿದ. ಬೇರೆಯವರು ಮುಟ್ಟಬೇಡಿ ಎಂದರೆ ಇನ್ನು ಮುಟ್ಟಬೇಕಾದವನು ತಾನೇ ತಾನೆ? ಈಗ ಕರೆಯುತ್ತಾರೆ, ಈಗ ಕರೆಯುತ್ತಾರೆ ಎಂದು ಕಾದ. ಸಾಹುಕಾರರು ಕರೆಯಲಿಲ್ಲ. ಜಗಲಿಯ ಮೇಲೆ ಕೂತು ಆಕಾಶ ನೋಡತೊಡಗಿದರು.

ಇಳಿಹೊತ್ತಿನ ತನಕ ವೇಳೆ ಇದೆ. ಅಷ್ಟರಲ್ಲಿ ಸೆಲ್ಫನ್ನು ರಿಪೇರಿ ಮಾಡಿದರೆ ಹ್ಯಾಂಡಲಿನ ಮಾತೇ ಬರುವುದಿಲ್ಲ. ಕಾಟಪ್ಪ ಕೆಲಸಕ್ಕೆ ಇಳಿದ.

ಕಾರಿನ ಜೊತೆ ಎಂಟು ದಿನದ ಮಟ್ಟಿಗೆ ಬಂದಿದ್ದ ಬಳ್ಳಾರಿಯ ಡ್ರೈವರ್ ಸಾಹೇಬರೊಬ್ಬರು ಅವನಿಗೆ ಎಲ್ಲ ಕಲಿಸಿ ಹೋಗಿದ್ದರು. ಕೆಟ್ಟದ್ದು ಎಲ್ಲಿ ಎಂದು ಮೊದಲು ಹುಡುಕು, ಆಮೇಲೆ ಸ್ಪ್ಯಾನರ್ ಹಿಡಿ ಎನ್ನುವುದು ಅವರ ಪಾಠ. ಕಾಟಪ್ಪ ಮೊದಲು ಹಾರನ್ ಒತ್ತಿದ. ಅದು ಬೀದಿಗೆಲ್ಲ ಕೇಳುವಂತೆ ಅರಚಿತು. ಎಳೆ ಕಟ್ಟುತ್ತಿದ್ದ ಹೆಂಗಸೊಬ್ಬಳು ಬೆದರಿ ಅವನ ವಂಶವನ್ನೆಲ್ಲ ಬೈದಳು. ಬೈಗುಳ ಅವನಿಗೆ ಸಂಗೀತದ ಹಾಗೆ ಕೇಳಿತು. ಬ್ಯಾಟರಿಗೆ ಜೀವ ಇದೆ ಎಂದಾಯಿತಲ್ಲ!

"ಮಾರಣ್ಣ, ಬಾರಪ್ಪ ಇಲ್ಲಿ. ಈ ದೀಪದ ಮುಂದೆ ಕೈ ಅಡ್ಡ ಹಿಡಿದು ನೋಡ್ತಿರು. ನಾನು ಗುಂಡಿ ಒತ್ತಿದಾಗ ದೀಪ ಮಂಕಾಗ್ತೈತಾ ಹೇಳು."

ಒತ್ತಿದ. "ಇಲ್ಲ. ಹಂಗೇ ಉರೀತೈತೆ."

"ಒಂಚೂರೂ ಇಲ್ವಾ?"

"ಇಲ್ಲ ಅಂದ್ನಲ್ಲ ಮಾರಾಯ."

ಮೋಟಾರು ತಿರುಗಲು ಹೆಣಗುತ್ತಿದ್ದರೆ ಕರೆಂಟನ್ನೆಲ್ಲ ಎಳೆದುಕೊಂಡು ದೀಪ ಮಂಕಾಗಬೇಕಿತ್ತು. ಮಂಕಾಗಿಲ್ಲ ಎಂದರೆ ಕರೆಂಟು ಹರಿಯುತ್ತಲೇ ಇಲ್ಲ. ಎಲ್ಲೋ ದಾರಿ ಕಟ್ಟಿದೆ. ತಂತಿಯಲ್ಲೋ, ಗುಂಡಿಯಲ್ಲೋ, ಮೋಟಾರಿನ ಹೊಟ್ಟೆಯಲ್ಲೋ?

ಸೀಟು ಎತ್ತಿ ಬ್ಯಾಟರಿ ನೋಡಿದ. ತಂತಿ ಕಚ್ಚಿದ ಎರಡು ಕಂಬಗಳಿಗೂ ಮೂರು ಪಟ್ಟೆ ವಿಭೂತಿ, ಮೇಲೆ ಕುಂಕುಮ!

"ಅದು... ನಾನೇ ಕಣೋ," ಎಂದರು ಬಸವಲಿಂಗಮ್ಮ, ಸೆರಗು ಬಾಯಿಗೆ ಹಿಡಿದು. "ಪೂಜೆ ದಿನ ಎಲ್ಲಾದಕ್ಕೂ ಇಟ್ಟೆ, ಇದನ್ನ ಯಾಕೆ ಬಿಡ್ಲಿ ಅಂತ."

"ಇರ್ಲಿ ಬಿಡ್ರಿ ಅಮ್ಮಾರೆ, ದೇವರಿಗೆ ತಾನೆ ಇಟ್ಟಿದ್ದು," ಎಂದು ಕಾಟಪ್ಪ ಒರೆಸಿ, ಕೆರೆದು, ತಂತಿ ಬಿಗಿಮಾಡಿದ. ರೋಗ ಇದೇ ಆಗಿರಲಪ್ಪ ಎಂದು ಬೇಡಿಕೊಂಡು ಒತ್ತಿದ. ಆಗಿರಲಿಲ್ಲ. ಪಾಪ, ಆಯಮ್ಮನ ವಿಭೂತಿಯದೇನೂ ತಪ್ಪಿಲ್ಲ.

ಆಮೇಲೆ ಗುಂಡಿಯ ಎರಡು ತುದಿಗೂ ತಾಗುವಂತೆ ಸ್ಪ್ಯಾನರನ್ನು ಅಡ್ಡ ಇಟ್ಟ. ಗುಂಡಿ ಕೆಟ್ಟಿದ್ದರೆ ಈಗ ಮೋಟಾರು ತಿರುಗಬೇಕಿತ್ತು. ಸಣ್ಣದೊಂದು ಕಿಡಿ ಹಾರಿತು, ಅಷ್ಟೇ. ಅಲ್ಲಿಗೆ ತೀರ್ಮಾನ ಆಯಿತು. ತಂತಿ ಸರಿ, ಗುಂಡಿ ಸರಿ. ಕೆಟ್ಟಿರುವುದು ಮೋಟಾರು. ಬಿಚ್ಚಬೇಕು.

ಬ್ಯಾಟರಿಯ ತಂತಿ ಕಳಚಿ ಕಾರಿನ ಕೆಳಗೆ ಅಂಗಾತ ಜಾರಿದ. ಮೋಟಾರನ್ನು ಎಂಜಿನ್ನಿಗೆ ಹಿಡಿದದ್ದು ಮೂರು ಬೋಲ್ಟು. ಎಡಗೈಯಲ್ಲಿ ತಿಣುಕಿ ಎರಡನ್ನು ಸಡಿಲ ಮಾಡಿದ. ಮೂರನೆಯದು ಮೂಲೆಯಲ್ಲಿತ್ತು, ಎಡಗೈ ಅಲ್ಲಿಗೆ ಹೋಗದು. ಬಲಗೈಯಲ್ಲಿ ಸ್ಪ್ಯಾನರ್ ಹಿಡಿದು ತಿರುವಿದ. ಮುಂಗೈಯೊಳಗೆ ಏನೋ ಕಳಕ್ಕೆಂದು ನೋವು ಮೊಣಕೈತನಕ ಏರಿತು. ಸ್ಪ್ಯಾನರ್ ಜಾರಿ ಎದೆಯ ಮೇಲೆ ಬಿತ್ತು. ಮತ್ತೆ ಹಿಡಿದ, ಮತ್ತೆ ಬಿತ್ತು. ಮೂರನೆಯ ಸಲಕ್ಕೆ ಕಣ್ಣಲ್ಲಿ ನೀರೇ ಬಂತು. ಮುಗಿಯಿತು ನನ್ನ ಡ್ರೈವರಿಕೆ, ಇಲ್ಲಿಗೆ ಮುಗಿಯಿತು ಎಂದು ಕಣ್ಣು ಮುಚ್ಚಿದ.

ಕಣ್ಣು ತೆರೆದರೆ ಪಕ್ಕದಲ್ಲಿ ಒಂದು ಮುಖ. ರುಮಾಲು ಇಲ್ಲ, ಕೋಟು ಇಲ್ಲ. ಜಂಬುಲಿಂಗಪ್ಪನವರು ಧೂಳಲ್ಲಿ ಮಂಡಿಯೂರಿ, ಆ ದೊಡ್ಡ ಹೊಟ್ಟೆಯನ್ನು ಹೇಗೋ ಹಿಡಿಯಾಗಿಸಿಕೊಂಡು ಕಾರಿನ ಕೆಳಗೆ ತಲೆ ತೂರಿಸಿದ್ದರು.

"ಕೊಡಿಲ್ಲಿ ಅದನ್ನ."

"ಬ್ಯಾಡ್ರಿ ಸಾವ್ಕಾರ್ರೆ, ಬಟ್ಟೆ..."

"ಕೊಡಲೇ ಅಂದ್ರೆ. ಯಾವ ಕಡೆ ತಿರುವ್ಲಿ?"

ಕಾಟಪ್ಪ ಬೆರಳಲ್ಲಿ ತೋರಿಸಿದ. ಸಾಹುಕಾರರು ಒಂದು ಹುಂಕಾರ ಹಾಕಿ ತಿರುವಿದರು. ಬೋಲ್ಟು ಕಿರ್‍ರೆಂದು ಬಿಟ್ಟುಕೊಟ್ಟಿತು. ಕೈ ಯಾಕೆ ಬರಲಿಲ್ಲ ಎಂದು ಅವರು ಕೇಳಲಿಲ್ಲ. ಕಾಟಪ್ಪ ಹೇಳಲೂ ಇಲ್ಲ.

ಮೋಟಾರನ್ನು ತಂದು ಯರ್ರಮ್ಮನ ಜಗಲಿಯ ಮೇಲೆ, ಹಳೆಯ ಗೋಣಿಯ ಮೇಲೆ ಮಲಗಿಸಿದರು. ಕಾಟಪ್ಪ ಅದರ ಸೊಂಟಕ್ಕೆ ಸುತ್ತಿದ್ದ ತಗಡಿನ ಪಟ್ಟಿ ಬಿಚ್ಚಿದ. ಬಿಚ್ಚುತ್ತಿದ್ದ ಹಾಗೆ ಘಮ್ಮೆಂದು ವಾಸನೆ ಬಂತು.

"ಇದೇನೋ ಇದು?" ಬಸವಲಿಂಗಮ್ಮ ಮೂಗು ಅರಳಿಸಿದರು. "ನಮ್ಮ ಗಾಣದ ಶೇಂಗಾ ಎಣ್ಣೆ ವಾಸ್ನೆ!"

ಕಾಟಪ್ಪನ ಕೈ ಅಲ್ಲೇ ನಿಂತಿತು. ಮೊನ್ನೆ ಮೊನ್ನೆಯ ಆಯುಧಪೂಜೆ ಕಣ್ಮುಂದೆ ಬಂತು. ಮನೆಯವರೆಲ್ಲ ಕಾರಿನ ಮೂತಿಗೆ ಹಾರ ಹಾಕಿದರು, ಚಕ್ರಕ್ಕೆ ನಿಂಬೆಹಣ್ಣು ಇಟ್ಟರು. ಕೆಳಗೆ ಕತ್ತಲಲ್ಲಿ ಕೂತು ದಿನವೂ ತನ್ನ ಮಾನ ಉಳಿಸುವ ಈ ಮೋಟಾರನ್ನು ಕೇಳಿದವರೇ ಇಲ್ಲ. ಅವನಿಗೆ ಕರುಳು ಚುರುಕ್ಕೆಂದಿತು. ಎಲ್ಲರೂ ಊಟಕ್ಕೆ ಹೋದಾಗ ಒಬ್ಬನೇ ಕಾರಿನ ಕೆಳಗೆ ಜಾರಿ, ಈ ಪಟ್ಟಿ ಸಡಿಲಿಸಿ, ಆಗತಾನೆ ಗಾಣದಿಂದ ಇಳಿದ ಎಣ್ಣೆಯನ್ನು ಒಂದು ಲೋಟ ಪೂರ್ತಿ ಒಳಗೆ ಬಿಟ್ಟಿದ್ದ. ಎರಡು ತುದಿಗೆ ಒಂದೊಂದೇ ತೊಟ್ಟು, ಜ್ಯಾದಾ ಬೇಡ ಎಂದು ಬಳ್ಳಾರಿಯ ಸಾಹೇಬರು ಬೆರಳು ಎತ್ತಿ ಹೇಳಿದ್ದರು. ಆದರೆ ಚಳ್ಳಕೆರೆಯವನಿಗೆ ಎಣ್ಣೆ ವಿಷಯದಲ್ಲಿ ತೊಟ್ಟು ಎನ್ನುವುದು ಯಾವ ಮೂಲೆಗೆ? ಗಾಡಿಯ ಕೀಲಿಗೆ ಸುರಿದು ಬೆಳೆದ ಕೈ ಅದು. ಹಬ್ಬದ ದಿನ ನೀನೂ ಎಣ್ಣೆಸ್ನಾನ ಮಾಡಪ್ಪ ಎಂದು ತುಂಬು ಮನಸ್ಸಿನಿಂದ ಮೀಯಿಸಿದ್ದ.

ಒಳಗೆ ತಾಮ್ರದ ಉರುಳೆಯೊಂದಿತ್ತು. ಅದರ ಮೇಲೆ ಬ್ರಷ್ಷು ಎನ್ನುವ ಕರಿಯ ತುಂಡುಗಳು ಒತ್ತಿ ಕೂತು ಕರೆಂಟು ದಾಟಿಸಬೇಕು. ಈಗ ಎಣ್ಣೆಯೂ ಕರಿಪುಡಿಯೂ ಕಲಸಿ ಉರುಳೆಯ ಮೇಲೆಲ್ಲ ಕಾಡಿಗೆಯ ಹಾಗೆ ಮೆತ್ತಿಕೊಂಡಿತ್ತು. ಬ್ರಷ್ಷುಗಳು ತಮ್ಮ ಗೂಡಿನಲ್ಲೇ ಅಂಟಿ ಮೇಲೆ ನಿಂತಿದ್ದವು. ತಾಮ್ರಕ್ಕೆ ತಾಗಿದರೆ ತಾನೇ!

ಯರ್ರಮ್ಮ ಬಗ್ಗಿ ನೋಡಿ ಕಿಸಕ್ಕನೆ ನಕ್ಕಳು. "ಎಣ್ಣೆ ಊರೋರು ಅಂದ್ರೆ ಹಿಂಗೇ ನೋಡು! ನಾವೂ ಮಗ್ಗ ಪೂಜೆ ಮಾಡ್ತೀವಿ. ಅರಿಶಿನ ಇಡ್ತೀವಿ, ಕುಂಕುಮ ಇಡ್ತೀವಿ. ಎಳೆ ಓಡೋ ಜಾಗಕ್ಕೆ ಒಂದು ತೊಟ್ಟು ಎಣ್ಣೆ ಬಿಟ್ಟೋನ ಕೈ ಮುರೀತೀವಿ. ಯಾರಯ್ಯಾ ಈ ಘನಕಾರ್ಯ ಮಾಡಿದ್ದು?"

ಎಲ್ಲರೂ ಸಾಹುಕಾರರ ಮುಖ ನೋಡಿದರು. ಎಣ್ಣೆ ಅವರದು ತಾನೆ. ಕಾಟಪ್ಪ ಸುಮ್ಮನಿದ್ದುಬಿಡಬಹುದಿತ್ತು. ಗೊತ್ತಿಲ್ಲ ಎಂದರೆ ಮುಗಿಯುತ್ತಿತ್ತು. ಆದರೆ ಆ ಮನುಷ್ಯ ಈಗತಾನೆ ತನಗಾಗಿ ಧೂಳಿನಲ್ಲಿ ಬಿದ್ದು ಎದ್ದಿದ್ದಾನೆ. ಬಿಳಿ ಅಂಗಿಯ ಎರಡೂ ಮೊಣಕೈ ಮಣ್ಣು.

"ನಾನೇ ಸಾವ್ಕಾರ್ರೆ. ಪೂಜೆ ದಿನ ನಾನೇ ಹಾಕ್ದೆ. ಇದು ಇಲ್ದಿದ್ರೆ..." ನಾಲಗೆ ತಡವರಿಸಿತು. ಒಂದನ್ನು ಹೇಳಿದ ಮೇಲೆ ಇನ್ನೊಂದು ತಾನಾಗಿಯೇ ಬಂದುಬಿಟ್ಟಿತು. "ಇದು ಇಲ್ದಿದ್ರೆ ನಾನು ಡ್ರೈವರೇ ಅಲ್ಲ. ನನ್ನ ಬಲಗೈ ಸತ್ತೈತೆ. ಹ್ಯಾಂಡಲ್ ಹೊಡೆಯಾಕೆ ಬರಾಕಿಲ್ಲ. ಎರಡು ವರ್ಸ ಆತು, ನಿಮಗೆ ಹೇಳಲಿಲ್ಲ. ಗಾಣಕ್ಕೆ ಹಾಕ್ತೀರಿ ಅಂತ ಹೇಳಲಿಲ್ಲ."

ಹೇಳಿ ತಲೆ ತಗ್ಗಿಸಿ ನಿಂತ. ಎಷ್ಟೋ ದಿನದಿಂದ ಹೊತ್ತ ಮೂಟೆ ಇಳಿಸಿದಷ್ಟು ಹಗುರವಾಗಿತ್ತು. ಸಾಹುಕಾರರ ಮುಖ ಕೆಂಪಾಯಿತು, ಬಾಯಿ ಏನೋ ಹೇಳಲು ತೆರೆಯಿತು, ಮುಚ್ಚಿತು. ಕಡೆಗೆ ಅವರು ಹೇಳಿದ್ದು ಇಷ್ಟೇ.

"ಮೊದಲು ಇದನ್ನ ಸರಿ ಮಾಡು."

ಕಾಟಪ್ಪ ಕಾರಿನ ಡಬ್ಬಿಯಿಂದ ಪೆಟ್ರೋಲು ತಂದು ಉರುಳೆಯನ್ನು ತೊಳೆದ. ಕರಿಯ ನೀರು ಗೋಣಿಗೆ ಇಳಿಯಿತು. ಮೂರು ಸಲ ತೊಳೆದ ಮೇಲೆ ತಾಮ್ರದ ಬಣ್ಣ ಕಂಡಿತು. ಉರುಳೆ ಒಂದೇ ತುಂಡಲ್ಲ, ಸಣ್ಣ ಸಣ್ಣ ಪಟ್ಟಿಗಳನ್ನು ಒತ್ತೊತ್ತಾಗಿ ಜೋಡಿಸಿದ್ದು. ಪಟ್ಟಿಗಳ ನಡುವಿನ ಸಂದಿಯಲ್ಲಿ ಕೊಳೆ ಹಾಗೇ ಕೂತಿತ್ತು. ಯರ್ರಮ್ಮ ಅದನ್ನು ನೋಡಿ ಒಳಗೆ ಹೋಗಿ ಮಗ್ಗದ ಬಾಚಣಿಗೆಯಂಥ ಹಳೆಯ ಹಣಿಗೆಯಿಂದ ಎರಡು ಬಿದಿರ ಕಡ್ಡಿ ಮುರಿದು ತಂದಳು. ಉಗುರಿಗಿಂತ ತೆಳ್ಳಗಿದ್ದವು. "ಇದ್ರಾಗೆ ಕೀಳು. ಕಬ್ಬಿಣ ಹಾಕ್ಬ್ಯಾಡ, ಗೀರು ಬೀಳ್ತದೆ."

ಲಾಳಿ ನುಣುಪು ಮಾಡುವ ಉಪ್ಪುಕಾಗದದ ಚೂರನ್ನೂ ಕೊಟ್ಟಳು. ಕಾಟಪ್ಪ ಸಂದಿ ಸಂದಿಯನ್ನೂ ಕೆದಕಿ, ಉಪ್ಪುಕಾಗದವನ್ನು ಉರುಳೆಗೆ ಸುತ್ತಿ ಹಿಡಿದ. ತಿರುಗಿಸುವ ಕೆಲಸಕ್ಕೆ ಅವನ ಕೈ ಬಾರದೆಂದು ಈಗ ಬೀದಿಗೇ ಗೊತ್ತಾಗಿತ್ತು. ಮಾರಣ್ಣ ತಾನಾಗಿ ಕೂತು ತಿರುಗಿಸಿದ. ತಾಮ್ರ ಹೊಸ ಚೊಂಬಿನಂತೆ ಹೊಳೆಯಿತು. ಬ್ರಷ್ಷುಗಳ ಅಂಟು ತೊಳೆದು ಗೂಡಿಗೆ ಇಳಿಸಿದರೆ ಸಲೀಸಾಗಿ ಜಾರಿ ತಾಮ್ರದ ಮೇಲೆ ಕೂತವು.

"ಆತಲ್ಲ? ಹಾಕು ಮತ್ತೆ," ಎಂದರು ಸಾಹುಕಾರರು, ಬಿಸಿಲು ನೋಡುತ್ತ.

"ಇಲ್ರಿ. ಪೆಟ್ರೋಲು ಪೂರ್ತಿ ಆರಬೇಕು. ಹಸಿ ಇದ್ದಾಗ ಕಿಡಿ ಬಿದ್ರೆ ಧಗ್ ಅಂತ ಹತ್ಕಂತೈತೆ."

"ಬೀಗರು ಬರೋ ಹೊತ್ತಾತು ಕಣೋ."

"ಬರ್ಲಿ ಬಿಡ್ರಿ. ಆರಬೇಕು ಅಂದ್ರೆ ಆರಬೇಕು."

ಸಾಹುಕಾರರಿಗೆ ಎದುರಾಡಿದ್ದು ಅವನ ಜನ್ಮದಲ್ಲೇ ಅದು ಮೊದಲು. ಅವರು ಸಿಟ್ಟಾಗಲಿಲ್ಲ, ತಲೆ ಆಡಿಸಿ ಸುಮ್ಮನಾದರು. ಬಸವಲಿಂಗಮ್ಮ ಯರ್ರಮ್ಮನ ಕೈಯಿಂದ ಬೀಸಣಿಗೆ ಇಸಿದುಕೊಂಡು ಮೋಟಾರಿನ ಪಕ್ಕ ಕೂತು ಗಾಳಿ ಹಾಕತೊಡಗಿದರು. "ಬಾಣಂತಿಗೂ ಹಿಂಗೆ ಬೀಸಿರಲಿಕ್ಕಿಲ್ಲ ನೀವು," ಎಂದು ಯರ್ರಮ್ಮ ಕಿಚಾಯಿಸಿದಳು. ಅಷ್ಟು ಹೊತ್ತಿಗೆ ಬೀದಿಯ ತುದಿಯಿಂದ ಹಾಸು ಸುತ್ತುವ ಕೆಲಸವೂ ಶುರುವಾಗಿತ್ತು.

ಬೆರಳಿಟ್ಟು ನೋಡಿದರೂ ಮೂಗಿಟ್ಟು ನೋಡಿದರೂ ಪೆಟ್ರೋಲಿನ ಸುಳಿವಿಲ್ಲ ಎಂದಾದ ಮೇಲೆ ಕಾಟಪ್ಪ ಎರಡು ತುದಿಗೆ ಒಂದೊಂದೇ ತೊಟ್ಟು ಎಣ್ಣೆ ಬಿಟ್ಟ. ಬೆರಳ ತುದಿಯಿಂದ, ಉಸಿರು ಬಿಗಿಹಿಡಿದು, ಕೂಸಿಗೆ ಔಷಧಿ ಬಿಟ್ಟಂತೆ ಬಿಟ್ಟ. ತಗಡಿನ ಪಟ್ಟಿ ಕಟ್ಟಿದ. ಸಾಹುಕಾರರು ಕರೆಯದೆಯೇ ಬಂದು ಕಾರಿನ ಕೆಳಗೆ ನುಗ್ಗಿ ಮೂರು ಬೋಲ್ಟನ್ನೂ ಬಿಗಿದರು. ತಂತಿ ಕೂಡಿಸಿದ್ದಾಯಿತು.

ಕಾಟಪ್ಪ ಸೀಟಿನಲ್ಲಿ ಕೂತ. ಗುಂಡಿ ಒತ್ತಿದ.

ಗುರ್‍ರ್‍ರ್ ಎಂದು ತಿರುಗಿದ್ದೇ ತಡ, ಎಂಜಿನ್ನು ಒಂದೇ ಉಸಿರಿಗೆ ಎದ್ದು ಗುಡುಗಿತು! ಜನ ಹೋ ಎಂದರು. ಮಾರಣ್ಣ ಶಿಳ್ಳೆ ಹಾಕಿದ. ಯರ್ರಮ್ಮ ಎರಡೂ ಕೈಯಿಂದ ಕಾರಿಗೆ ದೃಷ್ಟಿ ನೀವಳಿಸಿ ಲಟಿಕೆ ಮುರಿದಳು. ಕಾಟಪ್ಪನಿಗೆ ನಗು ಬಂತು, ಅಳು ಬಂತು, ಎರಡರಲ್ಲಿ ಯಾವುದನ್ನು ಮಾಡಬೇಕೋ ತಿಳಿಯದೆ ಹಾರನ್ ಒತ್ತಿದ. ಆ ಹೆಂಗಸು ಮತ್ತೆ ಬೈದಳು.

ಸಾಹುಕಾರರು ರುಮಾಲು ಕೊಡವಿಕೊಂಡು ಬಂದರು. ಹೆಂಡತಿಯನ್ನು ಹಿಂದೆ ಕೂರಿಸಿ, ಸೀರೆಯ ಗಂಟು ಪಕ್ಕಕ್ಕಿಟ್ಟು, ಬಾಗಿಲು ಹಾಕಿದರು. ಆಮೇಲೆ ಸುತ್ತಿ ಬಂದು ಮುಂದಿನ ಸೀಟಿನಲ್ಲಿ ಕೂತರು. ಕಾಟಪ್ಪನಿಗೆ ಅಂಜಿಕೆ ಹತ್ತಿಕೊಂಡಿತು. ಊರ ಜನರ ಮುಂದೆ ಬೇಡ ಎಂದು ಇಷ್ಟು ಹೊತ್ತು ತಡೆದಿದ್ದಾರೆ, ದಾರಿಯಲ್ಲಿ ಹೇಳುತ್ತಾರೆ. ನಾಳೆಯಿಂದ ಯತ್ತಪ್ಪನ ಜೊತೆ ಸುತ್ತು ಎನ್ನುತ್ತಾರೆ.

ಮೊಳಕಾಲ್ಮೂರಿನ ಬಂಡೆಗುಡ್ಡಗಳು ಹಿಂದೆ ಬಿದ್ದವು. ಹೊಲಗಳಲ್ಲಿ ಶೇಂಗಾ ಕೀಳುವವರು ತಲೆ ಎತ್ತಿ ಕಾರು ನೋಡಿದರು. ಕೊಂಡ್ಲಹಳ್ಳಿಯ ಹಾದಿ ಕವಲೊಡೆಯುವ ಜಾಗಕ್ಕೆ ಬಂದಾಗ ಸಾಹುಕಾರರು ರಸ್ತೆಯನ್ನೇ ನೋಡುತ್ತ ಹೇಳಿದರು.

"ನಿನ್ನ ಕೈ ಸತ್ತೈತೆ ಅಂತ ನನಗೆ ಗೊತ್ತಿತ್ತು."

ಕಾಟಪ್ಪ ಸ್ಟೀರಿ‍ಂಗನ್ನು ಬಿಗಿಯಾಗಿ ಹಿಡಿದ.

"ದಬ್ಬೆ ಬಿಚ್ಚಿದ ದಿನವೇ ಗೊತ್ತಾತು. ಹಳೇ ಕಾರು ಓಡ್ತಿತ್ತಲ್ಲ, ಅದನ್ನ ಮಾರಿ ಈ ಕಾರು ಯಾಕೆ ತಂದೆ ಅಂದ್ಕಂಡೆ? ಹಸಿರು ಬಣ್ಣ ಚೆಂದ ಐತೆ ಅಂತಲಾ?"

ಕಾಟಪ್ಪ ತಿರುಗಿ ಅವರ ಮುಖ ನೋಡಿದ.

"ಇನ್ನೂ ಐತೆ, ಕೇಳು. ಆವತ್ತು ಹ್ಯಾಂಡಲ್ ಒದೀತಲ್ಲ. ಕಡ್ಡಿ ನೀನು ಮೇಲಕ್ಕೆ ತಳ್ಳೇ ಹೋಗಿದ್ದೆ. ನಾನು ಕಣ್ಣಾರೆ ನೋಡಿದ್ದೆ. ನೀನು ಮುಂದಕ್ಕೆ ಹೋದ ಮೇಲೆ ನಾನೇ ಅದನ್ನ ಕೆಳಕ್ಕೆ ಎಳೆದೆ." ಸಾಹುಕಾರರ ದನಿ ಒಡೆಯಿತು. "ರಸ್ತೆಯಾಗೆ ನಾಕು ಜನ ನೋಡ್ತಿದ್ರು. ಸುಮ್ನೆ ಗೊಂಬೆಯಂಗೆ ಯಾಕೆ ಕೂರ್ಲಿ, ನಂಗೂ ಕಾರು ಗೊತ್ತೈತೆ ಅಂತ ತೋರಿಸ್ಬೇಕು ಅನ್ನಿಸ್ತು. ಅಷ್ಟಕ್ಕೇ ಎಳೆದೆ ಕಣೋ. ನಿನ್ನ ಕೈ ಮುರೀತು. ಆಸ್ಪತ್ರೆಗೆ ಹೋಗಾಣ ಅಂದೆ, ನೀನು ನನ್ನ ಕಾಲು ಹಿಡಿದು, ಮರೆತೆ ಸಾವ್ಕಾರ್ರೆ, ತಪ್ಪಾತು ಅಂದೆ. ಆಗ ಬಾಯಿ ಬರಲಿಲ್ಲ ನಂಗೆ. ಆಮೇಲೂ ಬರಲಿಲ್ಲ. ಈ ಸೀಟಿಗೆ ಬಂದು ಕೂರೋಕೂ ಮುಖ ಇರಲಿಲ್ಲ."

ಕಾರು ತಾನಾಗಿಯೇ ನಿಧಾನವಾಗಿ, ಒಂದು ಸಲ ಜಗ್ಗಿ, ನಿಂತುಹೋಯಿತು. ಎಂಜಿನ್ನು ಆರಿದ ಮೇಲೆ ಬಯಲಿನ ಗಾಳಿಯ ಸದ್ದು ಮಾತ್ರ ಉಳಿಯಿತು.

"ಹಂಗಾರೆ," ಎಂದ ಕಾಟಪ್ಪ. "ಹಂಗಾರೆ ನಾನು ಮರ್ತಿರಲಿಲ್ಲ."

"ಇಲ್ಲ ಕಣಪ್ಪ. ನೀನು ಮರ್ತಿರಲಿಲ್ಲ."

ಅವನಿಗೆ ಸಿಟ್ಟು ಬಂತು. ಬಾರದೇ ಇರುತ್ತದೆಯೇ? ಎರಡು ವರ್ಷ, ದಿನಾ ರಾತ್ರಿ ಮಲಗುವಾಗ ಆ ಕಡ್ಡಿ ಕಣ್ಣಿಗೆ ಬರುತ್ತಿತ್ತು. ತನ್ನ ಕೈಯನ್ನು ತಾನೇ ಮುರಿದುಕೊಂಡ ಹೆಡ್ಡ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದ. ಆದರೆ ಸಿಟ್ಟಿನ ಹಿಂದೆಯೇ ಇನ್ನೊಂದು ಬಂತು, ಅದಕ್ಕಿಂತ ದೊಡ್ಡದು. ತಾನು ಮರೆತಿರಲಿಲ್ಲ! ಕಾಟಪ್ಪ ಸರಿಯಾಗಿಯೇ ಮಾಡಿದ್ದ. ಮೊದಲ ದಿನದಿಂದ ಕೊನೆಯ ದಿನದವರೆಗೆ ಒಂದು ಸಲವೂ ತಪ್ಪದೆ ಕಡ್ಡಿ ತಳ್ಳಿದ್ದ. ಅವನು ಸ್ಟೀರಿಂಗಿಗೆ ಹಣೆಯಿಟ್ಟು ಬಿಕ್ಕಿಬಿಕ್ಕಿ ಅತ್ತ. ಇಷ್ಟು ಸುಖವಾಗಿ ಅವನು ಅತ್ತದ್ದೇ ಇಲ್ಲ. ಪಕ್ಕದಲ್ಲಿ ಸಾಹುಕಾರರು ಮಣ್ಣಾದ ಅಂಗಿತೋಳಿನಿಂದ ಕಣ್ಣೊರೆಸಿಕೊಂಡರು.

"ನನ್ನ ಗಾಣಕ್ಕೆ ಹಾಕಾಕಿಲ್ಲ ತಾನೆ?" ಎಂದು ಅಳುತ್ತಲೇ ಕೇಳಿದ.

"ಗಾಣಕ್ಕಾ? ಎಣ್ಣೆ ಹತ್ರ ನಿನ್ನ ಸೇರಿಸ್ತೀನಾ ನಾನು? ಸುಮ್ನೆ ಗಾಡಿ ಹೊಡಿಯೋ."

ಹಿಂದಿನಿಂದ ಬಸವಲಿಂಗಮ್ಮ ಕೆಮ್ಮಿದರು. "ಇಬ್ರದೂ ಅತ್ತಿದ್ದಾತಾ? ಬೀಗರು ಬಂದು ಬಾಗಿಲಾಗೆ ಕೂತಿರ್ತಾರೆ. ಹೊರಡ್ರಪ್ಪ."

ಕಾಟಪ್ಪ ಮುಖ ಒರೆಸಿಕೊಂಡ. ಅಭ್ಯಾಸದಂತೆ, ಈ ಕಾರಿನ ಸ್ಟೀರಿಂಗಿನ ಕೆಳಗೂ ಇದ್ದ ಕಡ್ಡಿಯನ್ನು ಮೇಲಕ್ಕೆ ತಳ್ಳಿದ. ತಳ್ಳಿ, ಪಕ್ಕಕ್ಕೆ ತಿರುಗಿ ನೋಡಿದ. ಸಾಹುಕಾರರು ಎರಡೂ ಕೈಗಳನ್ನು ತಮ್ಮ ತೊಡೆಯ ಕೆಳಗೆ ಇಟ್ಟುಕೊಂಡು, ಅಲ್ಲಾಡದೆ, ನೆಟ್ಟಗೆ ಕೂತಿದ್ದರು.

ಗುಂಡಿ ಒತ್ತಿದ. ಒಂದೇ ಸಲಕ್ಕೆ ಎಂಜಿನ್ನು ಎದ್ದಿತು.